ಡ್ರೈವಾಲ್: ಹಲಗೆ ಸುಲಭ, ಸಂದು ಕಷ್ಟ

ಅಮೆರಿಕದಲ್ಲಿ ಮನೆ ಕೊಂಡ ನಮ್ಮವರ ಮಾತಿನಲ್ಲಿ ಬೇಗ ಸೇರಿಕೊಳ್ಳುವ ಪದ ಡ್ರೈವಾಲ್. ಅಲ್ಲಿನ ಬಹುಪಾಲು ಮನೆಗಳಲ್ಲಿ ಒಳಗೋಡೆಗೆ ಇಟ್ಟಿಗೆ ಇರುವುದಿಲ್ಲ. ಮರದ ಚೌಕಟ್ಟು ನಿಲ್ಲಿಸಿ ಎರಡೂ ಬದಿಗೆ ಹಲಗೆ ಬಡಿಯುತ್ತಾರೆ. ಆ ಹಲಗೆಯೇ ಡ್ರೈವಾಲ್. ಹೋಳಿಗೆಯ ಕಣಕದೊಳಗೆ ಹೂರಣ ಇರುವ ಹಾಗೆ, ಎರಡು ದಪ್ಪ ಕಾಗದಗಳ ನಡುವೆ ಜಿಪ್ಸಂ ಇರುತ್ತದೆ. ಬೆಂಗಳೂರಿನ ಫ್ಲ್ಯಾಟ್‌ಗಳ ಫಾಲ್ಸ್ ಸೀಲಿಂಗ್‌ಗೆ ಹಾಕುವ ಜಿಪ್ಸಂ ಬೋರ್ಡ್ ಕೂಡ ಇದೇ ಜಾತಿಯದು.

ಮೊದಲು ಅಮೆರಿಕದಲ್ಲೂ ತೆಳು ಮರದ ಪಟ್ಟಿಗಳ ಮೇಲೆ ಹಸಿ ಗಾರೆ ಮೆತ್ತುತ್ತಿದ್ದರು. ಅದು ಪೂರ್ತಿ ಒಣಗಲು ವಾರಗಟ್ಟಲೆ ಕಾಯಬೇಕಿತ್ತು. 1894ರಲ್ಲಿ ಆಗಸ್ಟಿನ್ ಸ್ಯಾಕೆಟ್ ಎಂಬವರು ಕಾಗದ ಮತ್ತು ಪ್ಲಾಸ್ಟರ್ ಪದರಗಳ ಹಲಗೆಗೆ ಪೇಟೆಂಟ್ ಪಡೆದರು. 1909ರಲ್ಲಿ ಅವರ ಕಂಪನಿಯನ್ನು ಯುಎಸ್ ಜಿಪ್ಸಂ ಕೊಂಡಿತು. ಆ ಕಂಪನಿಯ ಶೀಟ್‌ರಾಕ್ ಎಂಬ ಬ್ರ್ಯಾಂಡ್ ಹೆಸರನ್ನೇ ಜನ ಇವತ್ತಿಗೂ ಡ್ರೈವಾಲ್‌ಗೆ ಬಳಸುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೆಲಸಗಾರರು ಕಡಿಮೆ, ಕಟ್ಟಬೇಕಾದ ಕಟ್ಟಡ ಜಾಸ್ತಿ. ಆಗಿನಿಂದ ಹಸಿ ಗಾರೆಯ ಜಾಗವನ್ನು ಈ ಒಣ ಹಲಗೆ ಹಿಡಿಯಿತು.

ಬೆಂಕಿಯ ವಿಷಯದಲ್ಲೂ ಇದು ಉಪಕಾರಿ. ಜಿಪ್ಸಂ ತೂಕದ ಸುಮಾರು ಐದನೇ ಒಂದು ಭಾಗ ನೀರು, ಹರಳಿನೊಳಗೇ ಸೇರಿಕೊಂಡಿರುತ್ತದೆ. ಬೆಂಕಿ ತಾಗಿದಾಗ ಆ ನೀರು ಆವಿಯಾಗುತ್ತಾ ಶಾಖ ಹೀರುತ್ತದೆ. ಹಿಂದಿರುವ ಮರ ಹೊತ್ತಿಕೊಳ್ಳುವುದು ತಡವಾಗುತ್ತದೆ.

ಸಾಮಾನ್ಯ ಹಲಗೆ 4 ಅಡಿ ಅಗಲ, 8 ಅಡಿ ಉದ್ದ, ಅರ್ಧ ಇಂಚು ದಪ್ಪ. ಒಳಗಿನ ಮರದ ಕಂಬಗಳು ಹೆಚ್ಚಾಗಿ 16 ಇಂಚಿಗೊಂದು ಇರುತ್ತವೆ. ಮೊದಲು ಸೀಲಿಂಗ್, ಆಮೇಲೆ ಗೋಡೆ. ಸ್ಕ್ರೂ ತಲೆ ಕಾಗದಕ್ಕಿಂತ ಚೂರು ಒಳಗೆ ಕೂರಬೇಕು, ಆದರೆ ಕಾಗದ ಹರಿಯಬಾರದು. ಕಾಗದ ಹರಿದರೆ ಅಲ್ಲಿ ಹಿಡಿತವೇ ಇರುವುದಿಲ್ಲ. ಅನುಭವ ಇದ್ದವರು ಒಂದು ಕೋಣೆಗೆ ಹಲಗೆ ಬಡಿಯುವುದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ.

ನಿಜವಾದ ಕೆಲಸ ಶುರುವಾಗುವುದು ಅದಾದ ಮೇಲೆ. ಎರಡು ಹಲಗೆ ಕೂಡುವ ಸಂದಿಗೆ ಕಾಗದದ ಟೇಪ್ ಅಂಟಿಸಿ, ಜಾಯಿಂಟ್ ಕಾಂಪೌಂಡ್ ಎಂಬ, ಸಂದು ಮುಚ್ಚುವ ಪೇಸ್ಟ್ ಬಳಿಯುತ್ತಾರೆ. ಕೆಲಸದವರು ಇದಕ್ಕೆ ‘ಮಡ್’ ಅನ್ನುತ್ತಾರೆ. ಸಾಮಾನ್ಯವಾಗಿ ಮೂರು ಕೈ. ಪ್ರತಿ ಸಲವೂ ಹಿಂದಿನದಕ್ಕಿಂತ ಅಗಲವಾಗಿ, ತೆಳ್ಳಗೆ ಎಳೆಯಬೇಕು. ಕಲಸಿಯೇ ಬರುವ ಡಬ್ಬದ ಮಡ್ ಆದರೆ ಒಂದೊಂದು ಕೈಗೂ ಸುಮಾರು ಒಂದು ದಿನ ಒಣಗಲು ಬಿಡಬೇಕು. ಅವಸರ ಮಾಡಿದರೆ ಮಡ್ ಕುಗ್ಗಿ ಬಿರುಕು ಬಿಡುತ್ತದೆ. ಹಲಗೆಯ ಉದ್ದದ ಅಂಚನ್ನು ಕಾರ್ಖಾನೆಯಲ್ಲೇ ತೆಳುವಾಗಿಸಿರುತ್ತಾರೆ, ಹಾಗಾಗಿ ಆ ಸಂದಿನಲ್ಲಿ ಟೇಪ್ ಅಡಗಿಕೊಳ್ಳುತ್ತದೆ. ಅಗಲದ ಅಂಚಿಗೆ ಈ ಸೌಲಭ್ಯ ಇಲ್ಲ. ಅಲ್ಲಿ ಉಬ್ಬು ಕಾಣದ ಹಾಗೆ ಮಾಡುವವರೇ ಒಳ್ಳೆಯ ಕೆಲಸಗಾರರು.

ಈ ಮುಕ್ತಾಯದ ಕೆಲಸಕ್ಕೆ 0ರಿಂದ 5ರವರೆಗೆ ಲೆವೆಲ್‌ಗಳಿವೆ. ಸಾಮಾನ್ಯ ಬಣ್ಣ ಹೊಡೆಯುವ ಗೋಡೆಗೆ ಲೆವೆಲ್ 4 ಸಾಕು. ಹೊಳಪಿನ ಬಣ್ಣಕ್ಕೆ, ಅಥವಾ ದೊಡ್ಡ ಕಿಟಕಿಯಿಂದ ಓರೆ ಬಿಸಿಲು ಬೀಳುವ ಗೋಡೆಗೆ ಲೆವೆಲ್ 5 ಬೇಕು. ಅದರಲ್ಲಿ ಗೋಡೆಗೆಲ್ಲಾ ತೆಳುವಾದ ಒಂದು ಪದರ ಎಳೆಯುತ್ತಾರೆ. ಕಂಟ್ರಾಕ್ಟರ್ ಕೊಡುವ ಕೊಟೇಶನ್‌ನಲ್ಲಿ ನಾನು ಮೊದಲು ಹುಡುಕುವುದು ಈ ಅಂಕಿಯನ್ನೇ. ಒಬ್ಬರು ಹೇಳಿದ ದರ ತೀರಾ ಕಡಿಮೆ ಇದ್ದರೆ, ಅವರು ಕಡಿಮೆ ಲೆವೆಲ್ ಲೆಕ್ಕ ಹಾಕಿರಬಹುದು, ಅಲ್ವಾ? ಉಪ್ಪುಕಾಗದದಿಂದ ಉಜ್ಜುವುದು, ಪ್ರೈಮರ್, ಧೂಳು ತೆಗೆಯುವುದು, ಹಳೆ ಹಲಗೆ ಸಾಗಿಸುವುದು ಇವೆಲ್ಲ ದರದಲ್ಲಿ ಸೇರಿವೆಯೇ ಅನ್ನುವುದೂ ಬರಹದಲ್ಲಿ ಇರಲಿ.

ರಿಪೇರಿಗೆಲ್ಲಾ ಕಂಟ್ರಾಕ್ಟರ್ ಬೇಕಿಲ್ಲ. ಮೊಳೆಯ ತೂತಿಗೆ ಸ್ಪ್ಯಾಕಲ್ ಎಂಬ ಪೇಸ್ಟ್ ತುಂಬಿ, ಒಣಗಿದ ಮೇಲೆ ಉಜ್ಜಿದರೆ ಆಯಿತು. ಬಾಗಿಲ ಹಿಡಿ ಬಡಿದು ಆದ ತೂತಿಗೆ ಅಂಟಿಸುವ ಜಾಲರಿ ಪ್ಯಾಚ್ ಸಿಗುತ್ತದೆ. ಅದಕ್ಕಿಂತ ದೊಡ್ಡದಾದರೆ, ವೈರ್, ಪೈಪ್ ಇಲ್ಲವೆಂದು ನೋಡಿಕೊಂಡು ಚೌಕವಾಗಿ ಕತ್ತರಿಸಿ, ಹಿಂದೆ ಮರದ ಪಟ್ಟಿ ಕೊಟ್ಟು, ಹೊಸ ತುಂಡು ಕೂರಿಸಿ ಟೇಪ್ ಹಾಕಬೇಕು. ಆದರೆ ಸೀಲಿಂಗ್‌ನಲ್ಲಿ ಕಂದು ಕಲೆ ಕಂಡರೆ ಸುಮ್ನೆ ಬಣ್ಣ ಬಳಿಯಬೇಡಿ. ಮೊದಲು ಸೋರಿಕೆ ಎಲ್ಲಿದೆ ಎಂದು ಹುಡುಕಿಸಿ. ಒದ್ದೆಯಾದ ಹಲಗೆಯಲ್ಲಿ ಒಂದೆರಡು ದಿನದಲ್ಲೇ ಬೂಷ್ಟು ಶುರುವಾಗಬಹುದು. ಮೆತ್ತಗಾಗಿ ಜೋತುಬಿದ್ದದ್ದನ್ನು ಕತ್ತರಿಸಿ ತೆಗೆಯಲೇಬೇಕು. 1980ಕ್ಕೂ ಹಿಂದಿನ ಮನೆಯಾದರೆ ಇನ್ನೂ ಹುಷಾರು. ಆ ಕಾಲದ ಮಡ್‌ನಲ್ಲಿ ಆಸ್ಬೆಸ್ಟಾಸ್, ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಪರೀಕ್ಷೆ ಮಾಡಿಸದೆ ಉಜ್ಜಬಾರದು. ಮನೆಯಲ್ಲಿ ಮಕ್ಕಳಿದ್ದರಂತೂ ಇದರಲ್ಲಿ ರಾಜಿ ಬೇಡ.

ಕಂಟ್ರಾಕ್ಟರ್ ಗೊತ್ತುಮಾಡುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮವರು ಬಹಳ ಮಂದಿ ಇರುವ ಕ್ಯಾಲಿಫೋರ್ನಿಯಾದಲ್ಲಿ ಡ್ರೈವಾಲ್‌ಗೆಂದೇ ಸಿ-9 ಎಂಬ ಲೈಸೆನ್ಸ್ ಇದೆ. ಅದು ಚಾಲ್ತಿಯಲ್ಲಿದೆಯೇ ಎಂದು ರಾಜ್ಯ ಲೈಸೆನ್ಸ್ ಮಂಡಳಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅಲ್ಲಿ ಮನೆ ರಿಪೇರಿಗೆ ಮುಂಗಡವಾಗಿ 1,000 ಡಾಲರ್ ಅಥವಾ ಒಟ್ಟು ಮೊತ್ತದ ಶೇ. 10, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಕೇಳಬಹುದು. ಅರ್ಧ ಹಣ ಮೊದಲೇ ಕೊಡಿ ಅಂದರೆ ಒಪ್ಪಬೇಡಿ. ಟೆಕ್ಸಾಸ್‌ನಲ್ಲಿ ಡ್ರೈವಾಲ್ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಇಲ್ಲ. ಅಲ್ಲಿ ವಿಮೆಯ ಪತ್ರ ಕೇಳಿ, ಅವರು ಹಿಂದೆ ಮಾಡಿದ ಮನೆಗಳನ್ನು ನೋಡಿಯೇ ತೀರ್ಮಾನ ಮಾಡಬೇಕು.

ಕೊನೆಯ ಕಂತು ಕೊಡುವ ಮೊದಲು ಕೋಣೆಯ ದೀಪ ಆರಿಸಿ, ಗೋಡೆಗೆ ಒತ್ತಿ ಟಾರ್ಚ್ ಹಿಡಿಯಿರಿ. ಉಬ್ಬು, ಗೀರು, ಸ್ಕ್ರೂ ಗುರುತು ಎಲ್ಲಾ ನೆರಳಾಗಿ ಕಾಣುತ್ತವೆ. ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ ಕಂಟ್ರಾಕ್ಟರ್‌ಗೆ ತೋರಿಸಿ. ಬಣ್ಣ ಬೀಳುವ ಮೊದಲಾದರೆ ಅವನ್ನೆಲ್ಲ ಸರಿಮಾಡಲು ಜಾಸ್ತಿ ಹೊತ್ತು ಬೇಕಾಗುವುದಿಲ್ಲ.