ನಡಿಗೆಗೆ ಮೂಳೆ ಜಗ್ಗುವುದಿಲ್ಲ

‘ದಿನವೂ ಒಂದು ಗಂಟೆ ನಡೆಯುತ್ತೇನೆ ಡಾಕ್ಟರೇ, ಆದರೂ ಮೂಳೆ ಸವೆದಿದೆ ಎಂದು ಬಂದಿದೆಯಲ್ಲ!’ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನ ವರದಿಯನ್ನು ಮೇಜಿನ ಮೇಲಿಟ್ಟು ಹೀಗೆ ಕೇಳದವರು ಕಡಿಮೆ. ಯಂತ್ರವೇ ತಪ್ಪಿದೆ ಎಂಬ ಗುಮಾನಿ ದನಿಯಲ್ಲಿರುತ್ತದೆ. ‘ಇನ್ನೂ ಅರ್ಧ ಗಂಟೆ ಹೆಚ್ಚಿಸಲೇ?’ ಎನ್ನುವುದು ಮುಂದಿನ ಪ್ರಶ್ನೆ. ನಾನು ತಲೆ ಚಚ್ಚಿಕೊಳ್ಳುವಂತಾಗುವುದು ಇಲ್ಲಿಯೇ.

ನಡಿಗೆ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ಮೂಳೆ ನಿಮಿಷಗಳನ್ನು ಎಣಿಸುವುದಿಲ್ಲ. ಭಾರ ಎಷ್ಟು, ಎಷ್ಟು ಬಿರುಸಾಗಿ ಬಿತ್ತು, ರೂಢಿಗಿಂತ ಬೇರೆಯಾಗಿತ್ತೇ ಎಂಬುದನ್ನೇ ಅದು ಗಮನಿಸುತ್ತದೆ. ಇಪ್ಪತ್ತು ವರ್ಷ ಒಂದೇ ಹದದಲ್ಲಿ ನಡೆದವರ ಮೂಳೆಗೆ ಆ ಹೆಜ್ಜೆಯಲ್ಲಿ ಹೊಸ ಸುದ್ದಿಯೇನೂ ಇಲ್ಲ. 1984ರಲ್ಲಿ ರೂಬಿನ್ ಮತ್ತು ಲ್ಯಾನಿಯನ್ ಎಂಬ ಸಂಶೋಧಕರು ಹುಂಜಗಳ ರೆಕ್ಕೆಯ ಮೂಳೆಗೆ ಭಾರ ಹೇರಿ ನೋಡಿದರು. ದಿನಕ್ಕೆ 36 ಸಲ ಹೇರಿದಾಗ ಮೂಳೆ ಬೆಳೆಯಿತು. 1,800 ಸಲಕ್ಕೆ ಏರಿಸಿದಾಗ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಮೂವತ್ತಾರು! ಇನ್ನು ಈಜು, ಸೈಕಲ್ ಎನ್ನುವವರಿಗೆ: ನಿಮ್ಮ ಭಾರವನ್ನು ನೀರೋ ಸೀಟೋ ಹೊತ್ತುಬಿಟ್ಟರೆ ಮೂಳೆಗೆ ಉಳಿಯುವುದೇನು?

ಮೂಳೆಗೆ ಬಿರುಸಾಗಿ ಬೀಳುವ ಭಾರ ಅತಿ ಹೆಚ್ಚು ಫಲಿಸುವುದು ಬೆಳೆಯುವ ವಯಸ್ಸಿನಲ್ಲಿ. ಟೆನಿಸ್ ಆಟಗಾರ್ತಿಯರಲ್ಲಿ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ಗಟ್ಟಿ. ಮೈನೆರೆಯುವ ಮುನ್ನವೇ ಆಟಕ್ಕಿಳಿದವರಲ್ಲಿ ಆ ಅಂತರ ಬಹಳ ದೊಡ್ಡದು. ಒಮ್ಮೆ ತನ್ನ ವರದಿ ಹಿಡಿದು ಕಂಗಾಲಾಗಿ ಬಂದ ತಾಯಿಯೊಬ್ಬರು, ಪಕ್ಕದಲ್ಲಿದ್ದ ಹನ್ನೆರಡರ ಮಗಳ ಬಾಸ್ಕೆಟ್‌ಬಾಲನ್ನು ಶಾಲೆಯ ಪರೀಕ್ಷೆಗೆಂದು ಬಿಡಿಸಿದ್ದರು. ಆ ದಿನ ನಾನು ಮಗಳ ಬಗ್ಗೆಯೇ ಹೆಚ್ಚು ಮಾತನಾಡಿದೆ.

ಮುಟ್ಟು ನಿಂತ ಮೇಲಿನ ಕೆಲವು ವರ್ಷ ಮೂಳೆ ಬೇಗ ಕರಗುತ್ತದೆ. ವ್ಯಾಯಾಮವೊಂದೇ ಅದಕ್ಕೆ ತಡೆಯಲ್ಲ, ಕೆಲವರಿಗೆ ಔಷಧ ಬೇಕೇ ಬೇಕು. ಹಾಗೆಂದು ಕೈಚೆಲ್ಲಬೇಕಿಲ್ಲ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಮೂಳೆ ಸಾಂದ್ರತೆ ಕಡಿಮೆಯಿದ್ದ, ಮುಟ್ಟು ನಿಂತ ಹೆಂಗಸರು ಎಂಟು ತಿಂಗಳು, ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ನಿಜವಾಗಿಯೂ ಭಾರವಾದ ತೂಕಗಳನ್ನು ಎತ್ತಿದರು. ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ 3ರಷ್ಟು ಏರಿತು. ಪಕ್ಕದಲ್ಲಿ ತರಬೇತಿದಾರರು ನಿಂತಿದ್ದರು ಎಂಬುದನ್ನು ಮರೆತು ನಾಳೆಯೇ ಬಾರ್‌ಬೆಲ್ ಕೊಳ್ಳಬೇಡಿ. ಈಗಾಗಲೇ ಬೆನ್ನುಮೂಳೆ ಕುಸಿದವರು ಮುಂದಕ್ಕೆ ಬಾಗಿ ಭಾರ ಎತ್ತುವುದು, ಜಿಗಿಯುವುದು ಅಪಾಯ. ಮೊದಲು ವೈದ್ಯರನ್ನು ಕೇಳಿ.

ಎಪ್ಪತ್ತು ದಾಟಿದವರಲ್ಲಿ ನಾನು ಸ್ಕ್ಯಾನ್‌ನ ಅಂಕಿ ಏರುವ ಆಸೆಯನ್ನೇ ಇಟ್ಟುಕೊಳ್ಳುವುದಿಲ್ಲ. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ನಿಲ್ಲುವುದು ಕಲಿಸುತ್ತೇನೆ. ಬೀಳದ ಸೊಂಟ ಮುರಿಯುವುದು ಅಪರೂಪ.

ಮೂರು ತಿಂಗಳಿಗೇ ಮತ್ತೆ ಸ್ಕ್ಯಾನ್ ಬರೆದುಕೊಡಿ ಎನ್ನುವವರೂ ಇದ್ದಾರೆ. ಮೂಳೆ ಒಂದು ಸುತ್ತು ದುರಸ್ತಿಯಾಗುವುದಕ್ಕೇ ಅದಕ್ಕಿಂತ ಹೆಚ್ಚು ಕಾಲ ಬೇಕು; ಒಂದೆರಡು ವರ್ಷ ಬಿಡಿ ಎಂದೆ. ಮುನಿಸಿಕೊಂಡು ಹೋದ ಒಬ್ಬರು ಇನ್ನೆಲ್ಲೋ ಸ್ಕ್ಯಾನ್ ಮಾಡಿಸಿ, ಏರಿದ ಅಂಕಿ ತಂದು ತೋರಿಸಿದರು. ಬೇರೆ ಬೇರೆ ಯಂತ್ರಗಳ ಅಂಕಿಗಳನ್ನು ಹೋಲಿಸುವಂತಿಲ್ಲ ಎಂದು ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.