ಮಗು ಬರೆದ ವಿಜ್ಞಾನಿಗೆ ಗಡ್ಡ ಯಾಕಿದೆ?

ಮಕ್ಕಳ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು 'ವಿಜ್ಞಾನಿಯ ಚಿತ್ರ ಬರೀರಿ' ಅಂದರೆ ಏನು ಬರೆಯುತ್ತಾರೆ? 1966ರಿಂದ 1977ರವರೆಗೆ ಡೇವಿಡ್ ಚೇಂಬರ್ಸ್ ಎಂಬ ಸಂಶೋಧಕರು ಇದನ್ನೇ ಮಾಡಿಸಿದರು. ಮಕ್ಕಳಲ್ಲಿ ಹೆಚ್ಚಿನವರು ಕೆನಡಾ, ಅಮೆರಿಕದವರು. ಒಟ್ಟು 4,807 ಚಿತ್ರ ಸೇರಿದವು. ಬಿಳಿ ಕೋಟು, ಕನ್ನಡಕ, ಗಡ್ಡ, ಸುತ್ತ ಗಾಜಿನ ಪಾತ್ರೆಗಳು. ಅಷ್ಟರಲ್ಲಿ ಹೆಣ್ಣು ವಿಜ್ಞಾನಿ ಇದ್ದದ್ದು ಬರೀ 28 ಚಿತ್ರಗಳಲ್ಲಿ. ಆ 28ನ್ನೂ ಬರೆದವರು ಹುಡುಗಿಯರೇ.

ತೀರಾ ಚಿಕ್ಕ ಮಕ್ಕಳ ಚಿತ್ರಗಳಲ್ಲಿ ಕೋಟು, ಗಡ್ಡ ಅಷ್ಟಾಗಿ ಇರಲಿಲ್ಲ. ತರಗತಿ ಏರಿದ ಹಾಗೆ ಅವು ಒಂದೊಂದಾಗಿ ಬಂದು ಸೇರಿಕೊಂಡವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಮಕ್ಕಳು ಡಾಕ್ಟರನ್ನು, ಟೀಚರನ್ನು, ಅಂಗಡಿಯವರನ್ನು ಕಣ್ಣಾರೆ ನೋಡಿರುತ್ತಾರೆ. ವಿಜ್ಞಾನಿಯನ್ನು ನೋಡಿದ ಮಕ್ಕಳು ಎಷ್ಟಿದ್ದಾರು? ಅವರಿಗೆ ವಿಜ್ಞಾನಿ ಅಂದರೆ ಪುಸ್ತಕ, ಕಾರ್ಟೂನು, ಸಿನಿಮಾದಲ್ಲಿ ಕಂಡವರೇ.

ಅಮೆರಿಕದಲ್ಲಿ ಐದು ದಶಕಗಳಲ್ಲಿ ನಡೆದ ಇಂಥ 78 ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. 1985ರ ಈಚೆಗೆ ಸರಾಸರಿ ಶೇ. 28 ಮಕ್ಕಳು ಹೆಣ್ಣು ವಿಜ್ಞಾನಿಯನ್ನು ಬರೆದಿದ್ದರು. ಈ ನಡುವೆ ಪ್ರಯೋಗಾಲಯಗಳಲ್ಲಿ ಹೆಂಗಸರು ಜಾಸ್ತಿಯಾಗಿದ್ದರು, ಮಕ್ಕಳ ಪತ್ರಿಕೆಗಳೂ ಬದಲಾಗಿದ್ದವು. ಅಲ್ಲಿನ 'ಹೈಲೈಟ್ಸ್' ಪತ್ರಿಕೆಯ ವಿಜ್ಞಾನ ಬರಹಗಳಲ್ಲಿ ಕಾಣುವ ಜನರ ಪೈಕಿ 1960ರ ದಶಕದಲ್ಲಿ ಹೆಣ್ಣುಮಕ್ಕಳು ಶೇ. 13 ಇದ್ದರೆ, 2000ದ ದಶಕಕ್ಕೆ ಶೇ. 44 ಆಗಿದ್ದರು. ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಆದರೆ ಆರು ವರ್ಷದ ಹುಡುಗಿಯರು ಹೆಚ್ಚಾಗಿ ಹೆಣ್ಣನ್ನೇ ಬರೆಯುತ್ತಾರೆ, ಹದಿನಾರಕ್ಕೆ ಬರುವಷ್ಟರಲ್ಲಿ ಹೆಚ್ಚಿನವರು ಗಂಡನ್ನು ಬರೆಯುತ್ತಾರೆ. ಆರು ವರ್ಷದಲ್ಲಿ ತನ್ನಂತೆ ಇದ್ದ ವಿಜ್ಞಾನಿ ಹದಿನಾರಕ್ಕೆ ಬೇರೆ ಯಾರೋ ಆಗಿಬಿಟ್ಟರು. ಇದು ಸಂಕಟದ ವಿಷಯ ಅಲ್ವಾ?

2014ರ ಸೆಪ್ಟೆಂಬರ್‌ನಲ್ಲಿ ಮಂಗಳಯಾನ ಗುರಿ ಮುಟ್ಟಿದಾಗ ಬೆಂಗಳೂರಿನಿಂದ ಒಂದು ಫೋಟೋ ಜಗತ್ತಿಗೆಲ್ಲ ಹೋಯಿತು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದ ಇಸ್ರೋ ಹೆಂಗಸರು ನಗುತ್ತಾ ಒಬ್ಬರನ್ನೊಬ್ಬರು ಅಭಿನಂದಿಸುತ್ತಿದ್ದರು. ಅವರು ಆಡಳಿತ ವಿಭಾಗದವರು ಅಂತ ಆಮೇಲೆ ಗೊತ್ತಾಯಿತು. ಆದರೆ ನೌಕೆಯನ್ನು ನಡೆಸಿದ ತಂಡದಲ್ಲಿ ನಂದಿನಿ ಹರಿನಾಥ್, ಋತು ಕರಿಧಾಳ್ ನಿಜವಾಗಿಯೂ ಇದ್ದರು. ಮಂಗಳನ ಕಡೆಗೆ ನೌಕೆ ನಡೆಸಿದವರು ನಮ್ಮ ಚಿಕ್ಕಮ್ಮನ ಹಾಗೆ ಇರಬಹುದು ಅಂತ ಎಷ್ಟೋ ಮಕ್ಕಳಿಗೆ ಆಗ ಅನಿಸಿರಬೇಕು.

ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮವಿದೆ. 'ವಿಜ್ಞಾನಿ' ಅನ್ನುವ ಪದ ಹೆಣ್ಣೂ ಅಲ್ಲ, ಗಂಡೂ ಅಲ್ಲ. ಆದರೆ 'ಒಬ್ಬ ವಿಜ್ಞಾನಿ ಇದ್ದ' ಅಂದ ಕೂಡಲೇ ಮಗುವಿನ ತಲೆಯೊಳಗೆ ಗಡ್ಡ ಮೂಡಿಯಾಯಿತು. ನಾನೂ ತಂಗಿಯ ಮಗಳಿಗೆ ಹಾಗೇ ಕಥೆ ಶುರು ಮಾಡುತ್ತಿದ್ದೆ. ಈಗ 'ಒಬ್ಬರು ವಿಜ್ಞಾನಿ ಇದ್ದರು' ಅನ್ನುತ್ತೇನೆ. ಹೆಸರಿಡುವ ಕೆಲಸ ಅವಳದು. ಮೊನ್ನೆ ಇಟ್ಟದ್ದು ಅವಳ ಅಜ್ಜಿಯ ಹೆಸರು.