ಆರ್ಡರ್ ನಂಬರ್ ಬಂತು ಸರಿ, ಷೇರು ಬಂತಾ?

ತಾನಾಗಿ ಷೇರು ಕೊಂಡು ಮಾರುವ ಕೋಡ್ ಬರೆಯುವವರು ವಾರಕ್ಕೆ ಒಬ್ಬರಾದರೂ ಒಂದೇ ಮಾತು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಕಂಪನಿಯಲ್ಲಿ ಜಾವಾ ಬರೆಯುವವರು, ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗರು, ಬ್ಯಾಂಕಿನಿಂದ ರಿಟೈರ್ ಆಗಿ ಪೈಥಾನ್ ಕಲಿತವರು. "ಸರ್, ಲೈಬ್ರರಿ ಇನ್‌ಸ್ಟಾಲ್ ಮಾಡಿದೆ, ಹತ್ತು ಸಾಲು ಬರೆದೆ, ಆರ್ಡರ್ ಹೋಯ್ತು. ಇಷ್ಟೇನಾ?" ಹೌದು, ಲೈಬ್ರರಿ, ಅಂದರೆ ಬ್ರೋಕರ್ ಸಿದ್ಧ ಮಾಡಿಕೊಟ್ಟ ಕೋಡ್, ಇದ್ದರೆ ಕಳಿಸುವುದು ಇಷ್ಟೇ. ಹೋದದ್ದು ಏನಾಯಿತು ಅಂತ ತಿಳಿದುಕೊಳ್ಳುವುದಿದೆಯಲ್ಲ, ನನ್ನ ಕೆಲಸದ ಮುಕ್ಕಾಲು ಪಾಲು ಅಲ್ಲೇ ಕಳೆಯುತ್ತದೆ.

ಉದಾಹರಣೆಗೆ ಝೆರೋಧಾ ಅನ್ನುವ ಷೇರು ಬ್ರೋಕರ್‌ನ ಕೈಟ್ ಕನೆಕ್ಟ್ ತೆಗೆದುಕೊಳ್ಳೋಣ. ಅದು ನಮ್ಮ ಕೋಡ್ ಅವರ ಸರ್ವರ್ ಜೊತೆ ಮಾತಾಡುವ ದಾರಿ, ಅದಕ್ಕೆ ಎಪಿಐ ಅನ್ನುತ್ತಾರೆ. ಬೆಂಗಳೂರಿನ ಕಂಪನಿ, 2010ರಲ್ಲಿ ಶುರುವಾದದ್ದು. ಅವರ ಪೈಥಾನ್ ಲೈಬ್ರರಿಯ ಕೋಡ್ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ, ಒಂದು ಸಂಜೆ ಕೂತು ಓದಿಬಿಡಬಹುದು. ಓದಿ ಅಂತಲೇ ಹೇಳುತ್ತೇನೆ, ಯಾರೂ ಓದುವುದಿಲ್ಲ. ಬೇರೆ ಬ್ರೋಕರ್‌ಗಳ ಲೈಬ್ರರಿಯಲ್ಲಿ ಹೆಸರುಗಳು ಬೇರೆ ಇರಬಹುದು, ಒಳಗಿನ ಕತೆ ಹೆಚ್ಚುಕಮ್ಮಿ ಇದೇ.

ಮೊದಲ ತಕರಾರು ಯಾವಾಗಲೂ ಲಾಗಿನ್‌ನದು. ಲೈಬ್ರರಿ ನಿಮ್ಮ ಪರವಾಗಿ ಲಾಗಿನ್ ಆಗುವುದಿಲ್ಲ, ಒಂದು ಲಿಂಕ್ ಕೊಡುತ್ತದೆ ಅಷ್ಟೇ. ಅದನ್ನು ಬ್ರೌಸರಿನಲ್ಲಿ ತೆರೆದು ಪಾಸ್‌ವರ್ಡ್ ಹಾಕಿ, ಆಥೆಂಟಿಕೇಟರ್ ಆಪ್‌ನಲ್ಲಿ ಬದಲಾಗುತ್ತಿರುವ 6 ಅಂಕಿಯ ಕೋಡ್ ಹಾಕಿದರೆ ರಿಕ್ವೆಸ್ಟ್ ಟೋಕನ್ ಅನ್ನುವ ತಾತ್ಕಾಲಿಕ ಚೀಟಿ ಸಿಗುತ್ತದೆ. ಅದರ ಆಯುಸ್ಸು ಕೆಲವೇ ನಿಮಿಷ. ಆ ಟೋಕನ್, ನಿಮ್ಮ ಎಪಿಐ ಕೀ ಮತ್ತು ಸೀಕ್ರೆಟ್ (ಬ್ರೋಕರ್ ಕೊಟ್ಟ ಗುರುತು ಮತ್ತು ಗುಟ್ಟಿನ ಪದ) ಮೂರನ್ನೂ ಜೋಡಿಸಿ, ಎಸ್‌ಎಚ್‌ಎ-256 ಅನ್ನುವ ಗಣಿತದ ಮುದ್ರೆ ಒತ್ತಿ ಲೈಬ್ರರಿ ಕಳಿಸುತ್ತದೆ, ಆಮೇಲೆ ನಿಜವಾದ ಆಕ್ಸೆಸ್ ಟೋಕನ್ ಬರುತ್ತದೆ. ಅದೂ ಮರುದಿನ ಬೆಳಗ್ಗೆ 6ಕ್ಕೆ ಸತ್ತುಹೋಗುತ್ತದೆ. "ಇದನ್ನೂ ಆಟೋಮ್ಯಾಟಿಕ್ ಮಾಡಿಕೊಡಿ" ಅಂತ ಎಲ್ಲರೂ ಕೇಳುತ್ತಾರೆ. ನಾನು ಮಾಡಿಕೊಡುವುದಿಲ್ಲ. ಪಾಸ್‌ವರ್ಡು, ಎರಡನೇ ಬೀಗದ ಕೀಲಿ ಎರಡನ್ನೂ ಒಂದೇ ಸರ್ವರ್‌ನಲ್ಲಿ ಇಟ್ಟರೆ ಎರಡು ಬೀಗ ಯಾಕೆ ಬೇಕಿತ್ತು? ಬೆಳಗ್ಗೆ ಕಾಫಿ ಕುಡಿಯುತ್ತಾ ಒಮ್ಮೆ ಲಾಗಿನ್ ಆಗಿ ಸಾಕು.

ಈಗ ಅಸಲು ವಿಷಯ. ಪ್ಲೇಸ್ ಆರ್ಡರ್ ಅನ್ನುವ ಫಂಕ್ಷನ್ ಕರೆದಿರಿ, ಒಂದು ಆರ್ಡರ್ ನಂಬರ್ ವಾಪಸ್ ಬಂತು. ಇದರ ಅರ್ಥ ಏನು? ದರ್ಶಿನಿಯಲ್ಲಿ ಕ್ಯಾಷಿಯರ್ ಬಿಲ್ ಹರಿದು ಕೊಟ್ಟ ಹಾಗೆ. ದೋಸೆ ಕೊಡುವವನು ಇನ್ನೊಂದು ಕೌಂಟರಿನಲ್ಲಿ ಇದ್ದಾನೆ, ಅವನು "ಸೆಟ್ ದೋಸೆ ಖಾಲಿ ಸಾರ್" ಅನ್ನಬಹುದು. ಬ್ರೋಕರ್ ನಿಮ್ಮ ಚೀಟಿ ತೆಗೆದುಕೊಂಡಿದ್ದಾರೆ, ಅಷ್ಟು ಮಾತ್ರ ನಿಜ. ಅಲ್ಲಿಂದ ಮುಂದೆ ಅವರ ರಿಸ್ಕ್ ತಪಾಸಣೆ ಇದೆ, ಆಮೇಲೆ ಎಕ್ಸ್‌ಚೇಂಜ್ ಇದೆ. ಖಾತೆಯಲ್ಲಿ ದುಡ್ಡು ಸಾಲದಿದ್ದರೆ ರಿಜೆಕ್ಟ್. ಬೆಲೆ ಆ ದಿನದ ಸರ್ಕ್ಯೂಟ್ ಮಿತಿಯಿಂದ (ಆ ಷೇರಿನ ಬೆಲೆ ಏರಿಳಿಯಬಹುದಾದ ಗಡಿಯಿಂದ) ಆಚೆಗಿದ್ದರೆ ರಿಜೆಕ್ಟ್. ಟಿಕ್ ಸೈಜಿಗೆ ಹೊಂದದ ಬೆಲೆ ಹಾಕಿದರೆ, ಅಂದರೆ 5 ಪೈಸೆಯ ಹೆಜ್ಜೆ ಇರುವ ಷೇರಿಗೆ 412 ರೂಪಾಯಿ 33 ಪೈಸೆ ಅಂತ ಕೊಟ್ಟರೆ, ಅದೂ ರಿಜೆಕ್ಟ್. ಡೀಮ್ಯಾಟ್‌ನಲ್ಲಿರುವ ಷೇರು ಮಾರಲು ಬ್ರೋಕರ್‌ಗೆ ಡಿಡಿಪಿಐ ಅನ್ನುವ ಅಧಿಕಾರಪತ್ರ ಬರೆದುಕೊಟ್ಟಿಲ್ಲ, ಷೇರು ಇಟ್ಟುಕೊಳ್ಳುವ ಸಂಸ್ಥೆಯಾದ ಸಿಡಿಎಸ್‌ಎಲ್‌ನ ಟಿಪಿನ್ (ಗುಪ್ತ ಸಂಖ್ಯೆ) ಹಾಕಿ ಅನುಮತಿಯನ್ನೂ ಕೊಟ್ಟಿಲ್ಲ ಅಂದರೆ ಮಾರಾಟವೂ ಮುಂದೆ ಹೋಗುವುದಿಲ್ಲ. ಇಷ್ಟೆಲ್ಲ ದಾಟಿದರೂ 100 ಕೇಳಿದ್ದಕ್ಕೆ 40 ಮಾತ್ರ ಸಿಕ್ಕಿ ಉಳಿದ 60 ಸಾಲಿನಲ್ಲಿ ನಿಂತಿರಬಹುದು. ಆದ್ದರಿಂದ ನಂಬರ್ ಬಂದ ತಕ್ಷಣ "ಕೊಂಡಾಯಿತು" ಅಂತ ಬರೆದುಕೊಳ್ಳುವ ಕೋಡ್ ಕಂಡರೆ ನಾನು ಅಲ್ಲೇ ಓದು ನಿಲ್ಲಿಸಿ ಕೆಂಪು ಗೆರೆ ಎಳೆಯುತ್ತೇನೆ.

ಇದಕ್ಕಿಂತ ಕೆಟ್ಟದ್ದು ನಂಬರ್ ಬರದೇ ಇರುವುದು. ಲೈಬ್ರರಿ ಸುಮ್ಮನೆ 7 ಸೆಕೆಂಡ್ ಕಾಯುತ್ತದೆ (ನೀವು ಬದಲಿಸದಿದ್ದರೆ ಅಷ್ಟೇ ಅದರ ತಾಳ್ಮೆ), ಆಮೇಲೆ ಟೈಮ್‌ಔಟ್ ಅನ್ನುತ್ತದೆ. ಆರ್ಡರ್ ಹೋಗಲೇ ಇಲ್ಲವೋ, ಹೋಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತೋ, ಆ ಎರರ್ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇಲ್ಲಿ ನನ್ನದೇ ಪಾಪ ಒಂದಿದೆ. ಕೆಲವು ವರ್ಷದ ಹಿಂದೆ ಪರಿಚಯದವರೊಬ್ಬರಿಗೆ ಬೇರೊಂದು ಬ್ರೋಕರ್‌ನ ಎಪಿಐಗೆ ಕೋಡ್ ಬರೆದುಕೊಟ್ಟಿದ್ದೆ. ಆ ಬ್ರೋಕರ್ ಯಾರು ಅನ್ನುವುದು ಬೇಡ, ತಪ್ಪು ಅವರದಲ್ಲ. ವೆಬ್‌ಸೈಟ್ ಕೆಲಸದ ಹಳೇ ಅಭ್ಯಾಸ ನೋಡಿ, ಟೈಮ್‌ಔಟ್ ಆದರೆ ಮೂರು ಸಲ ಮತ್ತೆ ಪ್ರಯತ್ನಿಸು ಅಂತ ಒಂದು ಲೂಪ್ ಹಾಕಿದ್ದೆ. ಒಂದು ದಿನ ಅವರ ಮನೆಯ ಇಂಟರ್ನೆಟ್ ಬಿಟ್ಟು ಬಿಟ್ಟು ಬರುತ್ತಿತ್ತು. ಕಳಿಸಿದ್ದು ಮೂರು ಸಲವೂ ತಲುಪಿದೆ, ಮೊದಲ ಎರಡರ ಉತ್ತರ ಮಾತ್ರ ಬಂದಿಲ್ಲ. 50 ಷೇರು ಬೇಕಿದ್ದವರ ಖಾತೆಗೆ 150 ಬಂದು ಕೂತವು. ಆ ಸಂಜೆಯ ಫೋನ್ ಕಾಲ್ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ತಮಾಷೆ ಅಂದರೆ ಇದೇ ಜನ ತರಕಾರಿ ಅಂಗಡಿಯಲ್ಲಿ ಯುಪಿಐ ಮಾಡುವಾಗ ಸ್ಕ್ರೀನ್ ಸುಮ್ನೆ ಸುತ್ತುತ್ತಾ ನಿಂತರೆ ಮತ್ತೆ ದುಡ್ಡು ಕಳಿಸುವುದಿಲ್ಲ. "ಬಂತಾ ನೋಡಿ" ಅಂತ ಅಂಗಡಿಯವರನ್ನು ಕೇಳುತ್ತಾರೆ, ಬ್ಯಾಲೆನ್ಸ್ ನೋಡುತ್ತಾರೆ, ಆಮೇಲಷ್ಟೇ ಎರಡನೇ ಸಲ. ಕೋಡ್ ಮಾಡಬೇಕಾದದ್ದೂ ಅಷ್ಟೇ. ಪ್ರತಿ ಆರ್ಡರ್ ಜೊತೆ ಟ್ಯಾಗ್ ಅಂತ ಒಂದು ಸಣ್ಣ ಗುರುತು ಕಳಿಸಬಹುದು, ಕೈಟ್‌ನಲ್ಲಿ ಅದಕ್ಕೆ 20 ಅಕ್ಷರದ ಮಿತಿ. ಆರ್ಡರ್ ಕಳಿಸುವ ಮೊದಲೇ ಆ ಗುರುತನ್ನು ನಿಮ್ಮ ಕಡತದಲ್ಲಿ ಬರೆದಿಡಿ. ಟೈಮ್‌ಔಟ್ ಆಯಿತಾ, ಕೈ ಕಟ್ಟಿಕೊಂಡು ಕೆಲವು ಸೆಕೆಂಡ್ ಕಾಯಿರಿ, ಆಮೇಲೆ ಆ ದಿನದ ಆರ್ಡರ್ ಪಟ್ಟಿ ತರಿಸಿ ಅದರಲ್ಲಿ ಗುರುತು ಹುಡುಕಿ. ಇದ್ದರೆ ಆರ್ಡರ್ ತಲುಪಿದೆ ಅಂತ ಅರ್ಥ. ಇಲ್ಲದಿದ್ದರೆ ಇನ್ನೊಮ್ಮೆ ನೋಡಿ, ಆಗಲೂ ಇಲ್ಲದಿದ್ದರೆ ಮಾತ್ರ ಮತ್ತೆ ಕಳಿಸುವ ಮಾತು. ಪಟ್ಟಿಯೇ ಬರುತ್ತಿಲ್ಲವಾ? ಹಾಗಾದರೆ ಕೋಡ್ ನಿಲ್ಲಬೇಕು, ಮನುಷ್ಯ ಫೋನ್ ತೆಗೆದು ಆಪ್‌ನಲ್ಲಿ ನೋಡಬೇಕು.

ವೆಬ್‌ಸಾಕೆಟ್‌ನಲ್ಲೂ, ಅಂದರೆ ಬ್ರೋಕರ್ ಜೊತೆ ಸದಾ ತೆರೆದಿರುವ ಲೈನಿನಲ್ಲೂ, ಇದೇ ರೋಗ, ಬೇರೆ ವೇಷ. ಬೆಲೆಗಳು, ಆರ್ಡರ್ ಸುದ್ದಿ ಎರಡೂ ಅದರಲ್ಲೇ ಹರಿದು ಬರುತ್ತವೆ. ಒಂದು ಕನೆಕ್ಷನ್‌ನಲ್ಲಿ 3000 ಷೇರುಗಳವರೆಗೆ ಕೇಳಬಹುದು. ಲೈನ್ ಕಡಿದುಹೋದರೆ ಲೈಬ್ರರಿ ತಾನಾಗಿ ಮತ್ತೆ ಜೋಡಿಸಿಕೊಳ್ಳುತ್ತದೆ, ಅದು ಎಷ್ಟು ಸಲೀಸಾಗಿ ಆಗುತ್ತದೆ ಅಂದರೆ ಕಡಿದಿತ್ತು ಅನ್ನುವುದೇ ನಿಮಗೆ ಗೊತ್ತಾಗುವುದಿಲ್ಲ, ಆದರೆ ನಡುವೆ ಕಳೆದುಹೋದ ಸುದ್ದಿಯನ್ನು ಯಾರೂ ಮತ್ತೆ ಹೇಳುವುದಿಲ್ಲ. ಹಾಗಾಗಿ ಮತ್ತೆ ಜೋಡಿಸಿದಾಗಲೆಲ್ಲ ಆರ್ಡರ್ ಪಟ್ಟಿ ಹೊಸದಾಗಿ ತರಿಸಿಕೊಳ್ಳಿ. ಇನ್ನೊಂದು, ಬೆಲೆ ಬಂದಾಗ ಕರೆಯುವ ಫಂಕ್ಷನ್‌ನೊಳಗೆ ಡೇಟಾಬೇಸ್ ಗೀಟಾಬೇಸ್ ಅಂತ ಭಾರದ ಕೆಲಸ ಹೇರಬೇಡಿ. ಬಂದದ್ದನ್ನು ಕ್ಯೂಗೆ ಹಾಕಿ ಹೊರಗೆ ಬನ್ನಿ.

ಎಷ್ಟು ಬೇಗ ಬೇಗ ಕೇಳಬಹುದು ಅನ್ನುವ ಮಿತಿಗಳು ಕೈಟ್‌ನ ಡಾಕ್ಯುಮೆಂಟಿನಲ್ಲೇ ಇವೆ. ಕೋಟ್ (ಈಗಿನ ಬೆಲೆ) ಕೇಳುವುದು ಸೆಕೆಂಡಿಗೆ 1, ಹಳೇ ಬೆಲೆಗಳ ಕ್ಯಾಂಡಲ್ ಡೇಟಾ 3, ಆರ್ಡರ್ 10. ಮೀರಿದರೆ 429, ಅಂದರೆ ಅತಿಯಾಗಿ ಕೇಳಿದಿರಿ ಅನ್ನುವ ಎರರ್.

ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮದ ಬಗ್ಗೆ ಎರಡು ಮಾತು, ಯಾಕೆಂದರೆ ಅದರಿಂದ ಕೋಡ್ ಇರುವ ಜಾಗವೇ ಬದಲಾಗಿದೆ. ರಿಟೇಲ್ ಹೂಡಿಕೆದಾರರ ಆಲ್ಗೋ ವ್ಯವಹಾರದ (ಕೋಡ್ ಮೂಲಕ ನಡೆಯುವ ಕೊಳ್ಳು-ಮಾರಿನ) ಬಗ್ಗೆ 2025ರ ಫೆಬ್ರವರಿ 4ರಂದು ಸುತ್ತೋಲೆ ಬಂತು. ಅದರ ಪ್ರಕಾರ ಎಪಿಐ ಮೂಲಕ ಆರ್ಡರ್ ಹಾಕುವವರು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಕೊಡಬೇಕು. ಮನೆಯ ಬ್ರಾಡ್‌ಬ್ಯಾಂಡ್ ಐಪಿ ಸಾಮಾನ್ಯವಾಗಿ ಬದಲಾಗುತ್ತಾ ಇರುತ್ತದೆ, ಅದಕ್ಕೇ ಈಗ ಜಾಸ್ತಿ ಜನ ಬಾಡಿಗೆ ಸರ್ವರ್‌ಗೆ ಹೋಗುತ್ತಿದ್ದಾರೆ. ಹೋದವರು ಮೊದಲು ಅದರ ಗಡಿಯಾರ ನೋಡಿ. ಅದು ಯುಟಿಸಿಯಲ್ಲಿದ್ದು (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ನೀವು 9:15ಕ್ಕೆ ಶುರುವಾಗು ಅಂತ ಬರೆದರೆ, ಕೋಡ್ ಏಳುವುದು ನಮ್ಮ ಮಧ್ಯಾಹ್ನ 2:45ಕ್ಕೆ. ಕೈಗಡಿಯಾರ ನೋಡಿ, ಕೋಡ್ ನೋಡಿ, ಬ್ರೋಕರ್‌ಗೆ ಮೇಲ್ ಬರೆದು ಬೈದವರನ್ನೂ ನೋಡಿದ್ದೇನೆ.

ನಾನು ಯಾರಿಗೇ ಕೋಡ್ ಒಪ್ಪಿಸುವ ಮುಂಚೆ ಒಂದು ಪರೀಕ್ಷೆ ಮಾಡಿಸುತ್ತೇನೆ. ಕಡಿಮೆ ಬೆಲೆಯ ಒಂದೇ ಒಂದು ಷೇರಿಗೆ ಆರ್ಡರ್ ಹಾಕಿಸಿ, ಅದು ಹೋಗುವ ಗಳಿಗೆಯಲ್ಲಿ ನೆಟ್ ಕಿತ್ತುಹಾಕುವುದು. ಎಷ್ಟೋ ಜನರ ಕೋಡ್‌ನಲ್ಲಿ ಎರಡೇ ಉತ್ತರ ಇರುತ್ತದೆ, ಆಯಿತು ಅಥವಾ ಆಗಲಿಲ್ಲ. "ಗೊತ್ತಿಲ್ಲ" ಅನ್ನುವ ಮೂರನೆಯದಕ್ಕೆ ಜಾಗವೇ ಇಲ್ಲ. ಇದನ್ನು ಇಂಜಿನಿಯರ್‌ಗಳಿಗೆ ಅರ್ಥ ಮಾಡಿಸಲು ನನಗೆ ಅರ್ಧ ಗಂಟೆ ಬೇಕಾಗುತ್ತದೆ. ರಿಟೈರ್ ಆದ ಬ್ಯಾಂಕಿನವರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. "ಓ, ಸಸ್ಪೆನ್ಸ್ ಅಕೌಂಟ್!" ಅಂದರು. ಯಾರದೆಂದು ಗೊತ್ತಾಗದ ದುಡ್ಡನ್ನು ತಾಳೆಯಾಗುವವರೆಗೆ ಬದಿಗಿಡುವ ಖಾತೆ ಅದು. ತಮ್ಮ ಕೋಡ್‌ನಲ್ಲಿ ಏನಾಯಿತೆಂದು ಗೊತ್ತಿಲ್ಲದ ಆರ್ಡರ್‌ಗಳ ಪಟ್ಟಿಗೆ ಅದೇ ಹೆಸರಿಟ್ಟಿದ್ದಾರೆ, ಮಾರ್ಕೆಟ್ ಮುಚ್ಚಿದ ಮೇಲೆ ಅದು ಖಾಲಿಯಾಗುವವರೆಗೂ ಕುರ್ಚಿಯಿಂದ ಏಳುವುದಿಲ್ಲ.